ಕರ್ನಾಟಕ ಕರಾವಳಿಯಲ್ಲಿ ಪರಿಸರ ವ್ಯವಸ್ಥೆ ಆಧಾರಿತ ಸಾಗರ ನಿರ್ವಹಣೆ

ಪರಿಸರ ವ್ಯವಸ್ಥೆ ಆಧಾರಿತ ಸಾಗರ ನಿರ್ವಹಣೆ ಎಂಬುದು ಕಡಲಿನ ಒಂದೊಂದು ಜಾತಿಯ ಮೀನನ್ನು ಅಥವಾ ಒಂದೊಂದು ಬಗೆಯ ಬಲೆಯನ್ನು ಬಿಡಿಬಿಡಿಯಾಗಿ ನಿಯಂತ್ರಿಸುವ ಕ್ರಮಕ್ಕೆ ಪರ್ಯಾಯವಾಗಿ ರೂಪುಗೊಂಡ ವಿಧಾನ. ಮೀನು, ಅದರ ಆಹಾರ, ನೀರಿನ ಗುಣ, ನದಿಗಳ ಅಳಿವೆ ಹಾಗೂ ಮೀನುಗಾರರ ಜೀವನೋಪಾಯ ಇವೆಲ್ಲವನ್ನೂ ಇದು ಒಂದೇ ವ್ಯವಸ್ಥೆಯ ಭಾಗಗಳೆಂದು ಪರಿಗಣಿಸುತ್ತದೆ. ಕರ್ನಾಟಕದಲ್ಲಿ ಈ ವಿಧಾನವು ಉತ್ತರ ಕನ್ನಡ, ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳ ಸುಮಾರು 320 ಕಿ.ಮೀ. ಉದ್ದದ ಕರಾವಳಿಗೆ ಸಂಬಂಧಿಸಿದೆ. ರಾಜ್ಯದಲ್ಲಿ ಇದಕ್ಕಾಗಿಯೇ ರೂಪಿಸಿದ ಒಂದು ಪ್ರತ್ಯೇಕ ಕಾನೂನಿಲ್ಲ. ಮಳೆಗಾಲದ ಮೀನುಗಾರಿಕೆ ನಿಷೇಧ, ಬಲೆಗಳ ನಿಯಂತ್ರಣ, ಅಳಿವೆಗಳ ಸಂರಕ್ಷಣೆ ಮುಂತಾದ ಬೇರೆಬೇರೆ ಕ್ರಮಗಳ ಮೂಲಕ ಅದು ಭಾಗಶಃ ಜಾರಿಯಲ್ಲಿದೆ.

ಅಂತಾರಾಷ್ಟ್ರೀಯ ಹಿನ್ನೆಲೆ

ಸಾಗರ ವಿಜ್ಞಾನದಲ್ಲಿ ಯಾವ ಸಂಶೋಧನೆಗೆ ಆದ್ಯತೆ ನೀಡಬೇಕೆಂಬುದನ್ನು ರಾಷ್ಟ್ರಗಳು ಒಟ್ಟಾಗಿ ನಿರ್ಧರಿಸುವ ಪದ್ಧತಿ ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ಬಲಗೊಂಡಿತು. ಆಗ ಅತ್ಯಂತ ಕಡಿಮೆ ಅಧ್ಯಯನಗೊಂಡಿದ್ದ ಸಾಗರಗಳಲ್ಲಿ ಹಿಂದೂ ಮಹಾಸಾಗರವೂ ಒಂದು. ಈ ಕೊರತೆಯನ್ನು ನೀಗಿಸಲು 1959ರಿಂದ 1965ರವರೆಗೆ ಅಂತಾರಾಷ್ಟ್ರೀಯ ಹಿಂದೂ ಮಹಾಸಾಗರ ಯಾನವು ನಡೆಯಿತು. ಯುನೆಸ್ಕೋದ ಅಂತರ ಸರ್ಕಾರಿ ಸಾಗರ ವಿಜ್ಞಾನ ಆಯೋಗವು 1960ರಲ್ಲಿ ಸ್ಥಾಪನೆಯಾಗಿ, ಮುಂದೆ ಈ ಯಾನದ ಸಮನ್ವಯವನ್ನು ವಹಿಸಿಕೊಂಡಿತು. ಯಾನದ ಫಲವಾಗಿ 1966ರ ಜನವರಿ 1ರಂದು ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯು ಸ್ಥಾಪನೆಯಾಯಿತು. ಕಾರವಾರದ ನೆರೆಯ ಗೋವಾದಲ್ಲಿ ಇದರ ಕೇಂದ್ರ ಕಚೇರಿಯಿದೆ.

ನಿರ್ವಹಣೆಯ ತತ್ತ್ವಗಳು ಇದರ ನಂತರ ರೂಪುಗೊಂಡವು. 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಡಂಬಡಿಕೆಯು ಕರಾವಳಿ ರಾಷ್ಟ್ರಗಳಿಗೆ 200 ನಾಟಿಕಲ್ ಮೈಲಿವರೆಗಿನ ಅನನ್ಯ ಆರ್ಥಿಕ ವಲಯದಲ್ಲಿ ಸಂಪನ್ಮೂಲದ ಹಕ್ಕನ್ನೂ, ಅದನ್ನು ಸಂರಕ್ಷಿಸುವ ಹೊಣೆಯನ್ನೂ ನೀಡಿತು. ಭಾರತವು 1995ರಲ್ಲಿ ಇದನ್ನು ಅನುಮೋದಿಸಿತು. ಅದೇ ವರ್ಷ ಆಹಾರ ಮತ್ತು ಕೃಷಿ ಸಂಸ್ಥೆಯು ಜವಾಬ್ದಾರಿಯುತ ಮೀನುಗಾರಿಕೆಯ ನೀತಿಸಂಹಿತೆಯನ್ನು ಪ್ರಕಟಿಸಿತು. 2000ದಲ್ಲಿ ಜೀವವೈವಿಧ್ಯ ಒಪ್ಪಂದದ ಸದಸ್ಯ ರಾಷ್ಟ್ರಗಳು ಪರಿಸರ ವ್ಯವಸ್ಥೆ ವಿಧಾನದ 12 ತತ್ತ್ವಗಳನ್ನು ಅಂಗೀಕರಿಸಿದವು. 2001ರ ರೇಕ್ಯಾವಿಕ್ ಘೋಷಣೆಯು ಮೀನುಗಾರಿಕೆಯಲ್ಲಿ ಪರಿಸರ ವ್ಯವಸ್ಥೆಯನ್ನು ಪರಿಗಣಿಸಬೇಕೆಂದು ಕರೆ ನೀಡಿತು. ವಿಶ್ವಸಂಸ್ಥೆಯು 2021ರಿಂದ 2030ರವರೆಗಿನ ಅವಧಿಯನ್ನು ಸುಸ್ಥಿರ ಅಭಿವೃದ್ಧಿಗಾಗಿ ಸಾಗರ ವಿಜ್ಞಾನದ ದಶಕವೆಂದು ಘೋಷಿಸಿದೆ.

ಕರಾವಳಿಯ ಪರಿಸರ ವ್ಯವಸ್ಥೆ

ನೈಋತ್ಯ ಮಾನ್ಸೂನ್ ಅವಧಿಯಲ್ಲಿ ಭಾರತದ ಪಶ್ಚಿಮ ಕರಾವಳಿಯುದ್ದಕ್ಕೂ ಆಳದ ತಂಪು ನೀರು ಮೇಲೇಳುತ್ತದೆ. ಇದರೊಂದಿಗೆ ಬರುವ ಪೋಷಕಾಂಶಗಳಿಂದ ಸಸ್ಯ ಪ್ಲವಕಗಳು ಹೇರಳವಾಗಿ ಬೆಳೆಯುತ್ತವೆ. ಬೂತಾಯಿ ಮತ್ತು ಬಂಗುಡೆಯ ಹಿಂಡುಗಳು ಈ ಆಹಾರವನ್ನು ಅವಲಂಬಿಸಿವೆ. ಮೇಲೇಳುವ ಇದೇ ನೀರಿನಲ್ಲಿ ಆಮ್ಲಜನಕ ಕಡಿಮೆಯಿರುವುದರಿಂದ ಮಳೆಗಾಲದ ಕೊನೆಯಲ್ಲಿ ತೀರಕ್ಕೆ ಸಮೀಪದ ತಳಭಾಗದಲ್ಲಿ ಉಸಿರಾಟಕ್ಕೆ ಸಾಲದಷ್ಟು ಆಮ್ಲಜನಕವಿರುವ ವಲಯವೂ ಉಂಟಾಗುತ್ತದೆ. 1999ರಲ್ಲಿ ಈ ಕೊರತೆ ತೀವ್ರವಾಗಿದ್ದುದನ್ನು ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ದಾಖಲಿಸಿ, 2000ದಲ್ಲಿ ಪ್ರಕಟಿಸಿದರು.

ಅಳಿವೆಗಳು ಈ ವ್ಯವಸ್ಥೆಯ ಮತ್ತೊಂದು ಅಂಗ. ಕುಮಟಾ ತಾಲೂಕಿನ ಅಘನಾಶಿನಿ ನದಿಗೆ ದೊಡ್ಡ ಅಣೆಕಟ್ಟುಗಳಿಲ್ಲ. ಅದರ ಅಳಿವೆಯಲ್ಲಿ ಕಾಂಡ್ಲಾ ವನಗಳು, ಕಗ್ಗ ಭತ್ತ ಬೆಳೆಯುವ ಗಜನಿ ಭೂಮಿ ಹಾಗೂ ಚಿಪ್ಪುಮೀನಿನ ನೆಲೆಗಳಿವೆ. ಇಳಿತದ ಸಮಯದಲ್ಲಿ ಬಳಚು ಆರಿಸುವುದು ಇಲ್ಲಿನ ಅನೇಕ ಕುಟುಂಬಗಳ, ವಿಶೇಷವಾಗಿ ಮಹಿಳೆಯರ ಆದಾಯದ ಮೂಲ. ಸಮುದ್ರದ ಹಲವು ಮೀನುಗಳು ಮತ್ತು ಸಿಗಡಿಗಳ ಮರಿಗಳು ಇಂತಹ ಅಳಿವೆಗಳಲ್ಲಿ ಬೆಳೆಯುತ್ತವೆ. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆಯನ್ನು ರಾಮ್ಸರ್ ತಾಣವೆಂದು ಘೋಷಿಸಲಾಯಿತು.

ಮೀನುಗಾರಿಕೆಯ ಬದಲಾವಣೆ

ಮೊಗವೀರ, ಖಾರ್ವಿ, ಹರಿಕಂತ್ರ, ಅಂಬಿಗ ಮುಂತಾದ ಸಮುದಾಯಗಳು ಈ ಕರಾವಳಿಯ ಪಾರಂಪರಿಕ ಮೀನುಗಾರರಲ್ಲಿ ಪ್ರಮುಖವಾದವು. ದಡಕ್ಕೆ ಬರುವ ಬೂತಾಯಿ ಮತ್ತು ಬಂಗುಡೆಯ ಹಿಂಡುಗಳನ್ನು ಸುತ್ತುವರಿದು, ಊರಿನ ಅನೇಕರು ಸೇರಿ ಎಳೆಯುತ್ತಿದ್ದ ದೊಡ್ಡ ಬಲೆಯನ್ನು ರಂಪಣಿ ಎನ್ನುತ್ತಾರೆ. ಇದರಲ್ಲಿ ಸಿಕ್ಕ ಮೀನನ್ನು ಪಾಲುದಾರರು ಹಂಚಿಕೊಳ್ಳುತ್ತಿದ್ದರು. 1970ರ ದಶಕದ ಮಧ್ಯಭಾಗದಲ್ಲಿ ಬಂದ ಪರ್ಸೀನ್ ಬೋಟುಗಳು ಹಿಂಡುಗಳು ದಡ ಸೇರುವ ಮೊದಲೇ ಅವುಗಳನ್ನು ಹಿಡಿಯತೊಡಗಿದವು. ಇದರಿಂದ ರಂಪಣಿ ಕ್ಷೀಣಿಸಿತು. ಮೀನುಗಾರರ ನಡುವೆ ಸಂಘರ್ಷಗಳೂ ಉಂಟಾದವು. ಅನಂತರದ ದಶಕಗಳಲ್ಲಿ ಟ್ರಾಲ್ ಬೋಟುಗಳ ಬಲೆಗೆ ಬೀಳುವ ಸಣ್ಣ ಹಾಗೂ ಮರಿ ಮೀನುಗಳಿಗೆ ಫಿಶ್‌ಮೀಲ್ ಕಾರ್ಖಾನೆಗಳಿಂದ ಬೇಡಿಕೆ ಹೆಚ್ಚಿತು.

ಬೂತಾಯಿಯ ಏರಿಳಿತ

ಬೂತಾಯಿ ಅಲ್ಪಾಯುಷಿ ಮೀನು. ಅದರ ಸಂಖ್ಯೆ ವರ್ಷದಿಂದ ವರ್ಷಕ್ಕೆ ತೀವ್ರವಾಗಿ ಬದಲಾಗುತ್ತದೆ. 1940ರ ದಶಕದಲ್ಲಿ ಬೂತಾಯಿ ಕ್ಷೀಣಿಸಿದಾಗ ಅಂದಿನ ಮದ್ರಾಸ್ ಸರ್ಕಾರವು ಮಲಬಾರ್ ಮತ್ತು ದಕ್ಷಿಣ ಕನ್ನಡದಲ್ಲಿ ಕೆಲವು ಬಗೆಯ ಬಲೆಗಳ ಮೇಲೆ ನಿರ್ಬಂಧ ಹೇರಿತ್ತು. ಇತ್ತೀಚಿನ ಕುಸಿತವು ನೆರೆಯ ಕೇರಳದ ಅಂಕಿಗಳಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಅಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಇದ್ದ ಬೂತಾಯಿ ಇಳುವರಿ 2021ರಲ್ಲಿ 3,297 ಟನ್ನಿಗೆ ಇಳಿಯಿತು. ಮಳೆ, ನೀರಿನ ಉಷ್ಣತೆ, ಎಲ್ ನಿನೊ ಪರಿಣಾಮ ಮತ್ತು ಮರಿ ಮೀನುಗಳ ಬೇಟೆ ಇವು ಬೂತಾಯಿಯ ಏರಿಳಿತಕ್ಕೆ ಕಾರಣಗಳೆಂದು ಪರಿಗಣಿತವಾಗಿವೆ. ಬಲೆಯನ್ನು ಮಾತ್ರ ನಿಯಂತ್ರಿಸಿ ಹವಾಮಾನವನ್ನು ಗಮನಿಸದಿದ್ದರೆ ಅಥವಾ ಹವಾಮಾನವನ್ನಷ್ಟೇ ದೂಷಿಸಿ ಮರಿ ಮೀನುಗಳನ್ನು ಹಿಡಿಯುತ್ತಿದ್ದರೆ ಇಂತಹ ಕುಸಿತವನ್ನು ಎದುರಿಸುವುದು ಕಷ್ಟ. ಪರಿಸರ ವ್ಯವಸ್ಥೆ ವಿಧಾನದ ಅಗತ್ಯವನ್ನು ವಿವರಿಸಲು ಬೂತಾಯಿಯ ಉದಾಹರಣೆಯು ಉಪಯುಕ್ತವಾಗಿದೆ.

ಕಾನೂನು ಮತ್ತು ಆಡಳಿತ

ಸಂವಿಧಾನದ ಪ್ರಕಾರ ತೀರದಿಂದ 12 ನಾಟಿಕಲ್ ಮೈಲಿವರೆಗಿನ ಮೀನುಗಾರಿಕೆ ರಾಜ್ಯದ ವಿಷಯ. ಅದರಾಚೆಯದು ಕೇಂದ್ರದ ವಿಷಯ. ರಾಜ್ಯದ ವ್ಯಾಪ್ತಿಗೆ ಕರ್ನಾಟಕ ಕಡಲ ಮೀನುಗಾರಿಕೆ (ನಿಯಂತ್ರಣ) ಕಾಯ್ದೆ, 1986 ಅನ್ವಯಿಸುತ್ತದೆ. ಪ್ರಮುಖ ಕ್ರಮಗಳು ಹೀಗಿವೆ:

• ಮಳೆಗಾಲದ ನಿಷೇಧ: ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆ ನಿಷಿದ್ಧ. ಪಾರಂಪರಿಕ ನಾಡದೋಣಿಗಳಿಗೆ ವಿನಾಯಿತಿ ಇದೆ.

• ಬುಲ್ ಟ್ರಾಲ್ ಮತ್ತು ಬೆಳಕು ಮೀನುಗಾರಿಕೆ ನಿಷೇಧ: ಎರಡು ಬೋಟುಗಳು ಒಂದೇ ಬಲೆಯನ್ನು ಎಳೆಯುವುದನ್ನೂ, ಎಲ್‌ಇಡಿ ದೀಪಗಳಿಂದ ಮೀನುಗಳನ್ನು ಆಕರ್ಷಿಸಿ ಹಿಡಿಯುವುದನ್ನೂ ಕೇಂದ್ರ ಸರ್ಕಾರವು 2017ರ ನವೆಂಬರ್‌ನಲ್ಲಿ ಅನನ್ಯ ಆರ್ಥಿಕ ವಲಯದಲ್ಲಿ ನಿಷೇಧಿಸಿತು.

• ಕನಿಷ್ಠ ಗಾತ್ರದ ನಿಯಮ: ನಿಗದಿತ ಉದ್ದಕ್ಕಿಂತ ಚಿಕ್ಕ ಮೀನನ್ನು ಹಿಡಿಯದಂತೆ ತಡೆಯುವ ನಿಯಮವನ್ನು ಕೇರಳವು 2015ರಲ್ಲಿ ಜಾರಿಗೆ ತಂದಿತು. ಬೂತಾಯಿಗೆ ಈ ಮಿತಿ 10 ಸೆಂ.ಮೀ. ಕರ್ನಾಟಕವೂ ಬಳಿಕ ಇಂತಹ ನಿಯಮವನ್ನು ಅಳವಡಿಸಿಕೊಂಡಿತು.

ವೈಜ್ಞಾನಿಕ ಸಂಸ್ಥೆಗಳು

1947ರಲ್ಲಿ ಸ್ಥಾಪನೆಯಾದ ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯು ಮಂಗಳೂರು ಮತ್ತು ಕಾರವಾರದ ಕೇಂದ್ರಗಳ ಮೂಲಕ ಬಂದರುಗಳಲ್ಲಿ ಇಳಿಯುವ ಮೀನಿನ ಪ್ರಮಾಣವನ್ನು ಮಾದರಿ ಸಮೀಕ್ಷೆಯಿಂದ ಅಂದಾಜಿಸುತ್ತದೆ. ಹೈದರಾಬಾದಿನ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರವು ಉಪಗ್ರಹಗಳಿಂದ ತಿಳಿದುಬರುವ ನೀರಿನ ಉಷ್ಣತೆ ಮತ್ತು ಬಣ್ಣದ ಆಧಾರದಲ್ಲಿ ಮೀನು ಸಿಗುವ ಸಂಭವವಿರುವ ಪ್ರದೇಶಗಳ ಮಾಹಿತಿಯನ್ನು ಮೀನುಗಾರರಿಗೆ ನೀಡುತ್ತದೆ. ಇದಕ್ಕೆ ನೆರವಾಗುವ ಓಶನ್‌ಸ್ಯಾಟ್ ಸರಣಿಯ ಮೊದಲ ಉಪಗ್ರಹವನ್ನು ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಹೊಂದಿರುವ ಇಸ್ರೋ 1999ರಲ್ಲಿ ಉಡಾಯಿಸಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಾಯುಮಂಡಲ ಮತ್ತು ಸಾಗರ ವಿಜ್ಞಾನಗಳ ಕೇಂದ್ರವಿದೆ.

ಸವಾಲುಗಳು

ಮೀನಿನ ಹಿಂಡುಗಳು ರಾಜ್ಯಗಳ ಗಡಿಯನ್ನಾಗಲಿ, 12 ನಾಟಿಕಲ್ ಮೈಲಿಯ ರೇಖೆಯನ್ನಾಗಲಿ ಅನುಸರಿಸುವುದಿಲ್ಲ. ಆದ್ದರಿಂದ ಒಂದು ರಾಜ್ಯದಲ್ಲಿ ಉಳಿಸಿದ ಮರಿ ಮೀನು ಮತ್ತೊಂದು ರಾಜ್ಯದಲ್ಲಿ ಬಲೆಗೆ ಬೀಳಬಹುದು. ಬೆಳಕು ಮೀನುಗಾರಿಕೆಯ ನಿಷೇಧವನ್ನು ಕಟ್ಟುನಿಟ್ಟಾಗಿ ಜಾರಿಗೊಳಿಸಬೇಕೆಂದು ನಾಡದೋಣಿ ಮೀನುಗಾರರು ಹಲವು ಬಾರಿ ಪ್ರತಿಭಟನೆ ನಡೆಸಿದ್ದಾರೆ. ಸಾಲ ಮಾಡಿ ಬೋಟು ಮತ್ತು ಬಲೆ ಖರೀದಿಸಿದವರಿಗೆ ಪ್ರತಿಯೊಂದು ನಿರ್ಬಂಧವೂ ಆದಾಯದ ಪ್ರಶ್ನೆಯಾಗಿದೆ. ಅಳಿವೆಗಳ ಸಂರಕ್ಷಣೆ, ಬಂದರುಗಳ ಅಭಿವೃದ್ಧಿ ಮತ್ತು ಮೀನುಗಾರಿಕೆಯನ್ನು ಬೇರೆಬೇರೆ ಇಲಾಖೆಗಳು ನೋಡಿಕೊಳ್ಳುವುದರಿಂದ ಒಂದರ ನಿರ್ಧಾರವು ಮತ್ತೊಂದರ ಮೇಲೆ ಬೀರುವ ಪರಿಣಾಮವನ್ನು ಒಟ್ಟಾಗಿ ಪರಿಶೀಲಿಸುವುದೂ ಕಷ್ಟವಾಗುತ್ತದೆ. ನಿರ್ಧಾರವನ್ನು ಸಾಧ್ಯವಾದಷ್ಟು ಸ್ಥಳೀಯ ಮಟ್ಟದಲ್ಲಿ ಕೈಗೊಳ್ಳಬೇಕು ಹಾಗೂ ಸ್ಥಳೀಯ ಸಮುದಾಯಗಳ ಜ್ಞಾನವನ್ನೂ ಪರಿಗಣಿಸಬೇಕು ಎಂಬ ಅಂಶಗಳು 2000ದ 12 ತತ್ತ್ವಗಳಲ್ಲಿ ಸೇರಿವೆ.