ಮೀಡ್, ಸೈಡರ್ ಮತ್ತು ಅವ್ವನ ಅರಿಷ್ಟದ ಬಾಟ್ಲಿ

ಅಮೆರಿಕದಲ್ಲಿರೋ ಬಾಲ್ಯದ ಗೆಳೆಯ ಫೋನ್ ಮಾಡಿದ್ದ. ಅಡಿಗೆಮನೆಯಲ್ಲೇ ಜೇನುತುಪ್ಪದಿಂದ ಮೀಡ್, ಸೇಬಿನ ರಸದಿಂದ ಸೈಡರ್ ಮಾಡ್ತಾನಂತೆ. ಜೇನಿಗೆ ಮೂರ್ನಾಲ್ಕು ಪಾಲು ನೀರು, ಚಿಟಿಕೆ ಯೀಸ್ಟ್, ರುಚಿಗೆ ಹಣ್ಣು, ಶುಂಠಿ, ಲವಂಗ. ಒಳಗಿನ ಗ್ಯಾಸ್ ಹೊರಗೆ ಹೋಗೋಕೆ ದಾರಿ ಬಿಟ್ಟು ಮುಚ್ಚಿಟ್ಟು, ತಿಂಗಳುಗಟ್ಟಲೆ ಕಾಯೋದು, ಅಷ್ಟೆ. "ನಮ್ಮ ಮುಶಿಗೇರಿಯಾಗ ಇಂಥಾದ್ದೆಲ್ಲ ಎಲ್ಲಿಂದ ಬರಬೇಕೋ?" ಅಂತ ನಕ್ಕ.

ಆ ಮಾತು ತಲೇಲಿ ಉಳೀತು. ಹಳೇ ಪುಸ್ತಕ ತೆರೆದು ಕೂತೆ.

ಮೊದಲನೇ ಆಶ್ಚರ್ಯ, ಇಂಗ್ಲಿಷಿನ 'ಮೀಡ್' ಮತ್ತು ಸಂಸ್ಕೃತದ 'ಮಧು' ಒಂದೇ ಬೇರಿನ ಪದಗಳು. ಎರಡನೇದು ಕೌಟಿಲ್ಯನ ಅರ್ಥಶಾಸ್ತ್ರ. ಅದರ ತಾಳೆಗರಿಯನ್ನು ಮೈಸೂರಿನಲ್ಲಿ ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದವರು ನಮ್ಮ ಆರ್. ಶಾಮಶಾಸ್ತ್ರಿಗಳು. ಅದರ ಸುರಾಧ್ಯಕ್ಷನ ಅಧ್ಯಾಯದಲ್ಲಿ ಆಸವ ಮಾಡೋ ಅಳತೆಯೇ ಇದೆ: ಬಳೂಲಹಣ್ಣು 100 ಪಲ, ಫಾಣಿತ ಅಂದರೆ ಬೆಲ್ಲವಾಗೋ ಮುಂಚಿನ ಪಾಕ 500 ಪಲ, ಜೇನು ಒಂದು ಪ್ರಸ್ಥ. ಹಣ್ಣು, ಬೆಲ್ಲ, ಜೇನು... ಗೆಳೆಯ ಮಾಡ್ತಿರೋದು ಇದರ ತಮ್ಮನನ್ನೇ!

ಅಷ್ಟೇ ಅಲ್ಲ. ವಿಶೇಷ ಸಂದರ್ಭಗಳಲ್ಲಿ ಕುಟುಂಬದವರು ಬಿಳಿಸುರೆಯನ್ನೂ, ಔಷಧಕ್ಕೆ ಅರಿಷ್ಟವನ್ನೂ ಮನೆಯಲ್ಲೇ ಮಾಡಿಕೊಳ್ಳಬಹುದು ಅಂತಾನೆ ಕೌಟಿಲ್ಯ. ಉತ್ಸವ, ಜಾತ್ರೆಗಳಿಗೆ ನಾಲ್ಕು ದಿನದ ಪರವಾನಗಿ. ಉಳಿದಂತೆ ಎಲ್ಲಾ ಸರಕಾರದ ಕಣ್ಣಳತೆಯಲ್ಲೇ. ಚರಕಸಂಹಿತೆಯಂತೂ 84 ಆಸವಗಳನ್ನು ಎಣಿಸುತ್ತೆ.

ನಮ್ಮ ನಾಡಿಗೆ ಬಂದರೆ, ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ ಮಾನಸೋಲ್ಲಾಸದಲ್ಲಿ ಮದಿರಾಪಾನ ಒಂದು ರಾಜಕ್ರೀಡೆ. ಅದೇ ಶತಮಾನದ ವಚನಕಾರರಲ್ಲಿ ಹೆಂಡದ ಮಾರಯ್ಯನೂ ಒಬ್ಬ. ಹೆಂಡ ಮಾರೋ ಕಾಯಕದವನು. ಅರಮನೆಗೆ ಆಟ, ಬೀದಿಗೆ ಎಚ್ಚರ.

ಇಷ್ಟೆಲ್ಲ ಉತ್ಸಾಹದಿಂದ ಅವ್ವನ ಮುಂದೆ ಹೇಳಿದೆ. ನಾನೂ ಒಂದು ಸಲ ಮಾಡಿ ನೋಡಲೇನು ಅಂದೆ. ಅವ್ವ ರೊಟ್ಟಿ ಬಡಿಯೋದು ನಿಲ್ಲಿಸಿದಳು.

"ಮನ್ಯಾಗ ಸೆರೆ ಮಾಡೂ ಮಾತ ಆಡಬ್ಯಾಡ. ನಿಮ್ಮ ಕಾಕಾನ್ನ ಮರತಿ ಏನು?"

ಮರೆತಿಲ್ಲ. ಸರಾಯಿ ಪಾಕೀಟು ಕಾಕಾನನ್ನು ತಿಂದಿತು. ಚಿಗವ್ವನ ಬೆಂಡೋಲಿ ಮೊದಲು ಹೋಯ್ತು, ಆಮೇಲೆ ಹೊಲ, ಕೊನೆಗೆ ಅವನು. ಕರ್ನಾಟಕದಲ್ಲಿ ಸರಾಯಿ ನಿಷೇಧ ಆಗಿದ್ದು 2007ರ ಜುಲೈ 1ಕ್ಕೆ. ಕಾಕಾಗೆ ಅದು ತಡ ಆಗಿತ್ತು. ಲೈಸೆನ್ಸ್ ಇಲ್ಲದೆ ಮನೇಲಿ ಮದ್ಯ ಮಾಡೋದು 1965ರ ಅಬಕಾರಿ ಕಾಯ್ದೆ ಪ್ರಕಾರ ಅಪರಾಧ ಅನ್ನೋದೂ ನೆನಪಾಯ್ತು. ಸುಮ್ಮನಾದೆ.

ಆದರೆ ಗೂಡಿನಲ್ಲಿದ್ದ ಬಾಟ್ಲಿ ಕಣ್ಣಿಗೆ ಬಿತ್ತು. ದಶಮೂಲಾರಿಷ್ಟ! ತಂಗಿಯ ಬಾಣಂತನಕ್ಕೆ ತಂದಿದ್ದು. ಅದರ ಹಳೇ ಪಾಠ ನೋಡಿದರೆ ಹತ್ತು ಬೇರುಗಳ ಕಷಾಯ, ದ್ರಾಕ್ಷಿ, ಬೆಲ್ಲ, ಜೇನು. ಹುಳಿಬರಿಸೋಕೆ ಧಾತಕಿ ಹೂವು; ಅದರ ಮೇಲಿನ ಯೀಸ್ಟೇ ಕೆಲಸ ಮಾಡೋದು. ಒಳಗೆ ತಾನಾಗೇ ಹುಟ್ಟಿದ ಆಲ್ಕೋಹಾಲ್ ಇದೆ ಅಂತ ಲೇಬಲ್ಲೇ ಹೇಳುತ್ತೆ. ಜೇನು, ಹಣ್ಣು, ಮಸಾಲೆ, ಯೀಸ್ಟ್: ಗೆಳೆಯನ ಮೀಡ್ ನಮ್ಮ ಗೂಡಿನಲ್ಲೇ ಕೂತಿತ್ತು, ಬೇರೆ ಹೆಸರಿನಲ್ಲಿ.

ಅವ್ವನಿಗೆ ಲೇಬಲ್ ಓದಿ ಹೇಳಿದೆ. ಅವಳಿಗೇನೂ ಆಶ್ಚರ್ಯ ಆಗಲಿಲ್ಲ.

"ಅದು ಚಮಚೆ ಲೆಕ್ಕದಾಗ ಐತಿ. ನಿಮ್ಮ ಕಾಕಾಗ ಲೆಕ್ಕ ಇರಲಿಲ್ಲ."

ಕೌಟಿಲ್ಯನ ನಾಲ್ಕು ದಿನ, ಪಲ, ಪ್ರಸ್ಥ, ಎಲ್ಲಾ ಈ ಲೆಕ್ಕವೇ ಅಲ್ಲವೇ ಅನ್ನಿಸಿತು. ಮಾಡೋ ವಿದ್ಯೆ ನಮ್ಮಲ್ಲಿ ಇರಲಿಲ್ಲ ಅನ್ನೋದು ಸುಳ್ಳು. ಆದರೆ ಪಾಕೀಟು ಬಂದ ಮೇಲೆ ಆ ವಿದ್ಯೆಯ ಮೇಲೆ ಅವ್ವನಂಥವರಿಗೆ ನಂಬಿಕೆ ಉಳೀಲಿಲ್ಲ, ಅದೂ ಇತಿಹಾಸವೇ.

ನಾನು ಮೀಡ್ ಮಾಡಲಿಲ್ಲ. ಗೆಳೆಯನಿಗೆ ಬಳೂಲಹಣ್ಣಿನ ಅಳತೆ ಕಳಿಸಿದೀನಿ, ಅಷ್ಟೆ. ನಿಮ್ಮ ಅಜ್ಜಿಯರು ಜೇನು, ಬೆಲ್ಲ, ಹಣ್ಣು ಹುಳಿಹಾಕಿ ಏನಾದರೂ ಮಾಡ್ತಿದ್ದರಾ? ಅದಕ್ಕೆ ನಿಮ್ಮ ಕಡೆ ಏನಂತಾರೆ? ಗೊತ್ತಿದ್ದರೆ ತಿಳಿಸ್ರಿ.