ನದಿಯಿಂದ ಪ್ರಯೋಗಶಾಲೆಗೆ: ಜಲಮಾದರಿಯ ಸಂರಕ್ಷಣೆಯ ಇತಿಹಾಸ

ನದಿಯ ನೀರನ್ನು ಪರೀಕ್ಷಿಸಿದೆವೆಂದು ನಾವು ಹೇಳುವಾಗ, ನಿಜವಾಗಿ ಪರೀಕ್ಷೆಗೆ ಒಳಗಾದುದು ನದಿಯಲ್ಲ. ಸೀಸೆಯೊಂದರಲ್ಲಿ ತುಂಬಿ ತಂದ ಅದರ ಅಲ್ಪಾಂಶ ಮಾತ್ರ. ಆ ಅಂಶವಾದರೋ ನದಿಯನ್ನು ಅಗಲಿದ ಗಳಿಗೆಯಿಂದಲೇ ಮಾರ್ಪಡತೊಡಗುತ್ತದೆ. ಅದರಲ್ಲಿರುವ ಸೂಕ್ಷ್ಮಜೀವಿಗಳು ಉಸಿರಾಡುತ್ತಲೂ ವೃದ್ಧಿಹೊಂದುತ್ತಲೂ ಇರುತ್ತವೆ. ಕರಗಿದ ಅನಿಲಗಳು ಹೊರಬೀಳುತ್ತವೆ, ಇಲ್ಲವೆ ಗಾಳಿಯಿಂದ ಒಳಸೇರುತ್ತವೆ. ಲೋಹಗಳು ಪಾತ್ರೆಯ ಗೋಡೆಗೆ ಅಂಟಿಕೊಳ್ಳುತ್ತವೆ. ಪಾತ್ರೆಯೇ ತನ್ನ ದ್ರವ್ಯವನ್ನು ನೀರಿಗೆ ಬಿಟ್ಟುಕೊಡುವುದೂ ಉಂಟು. ಜಲಪರೀಕ್ಷೆಯ ಇತಿಹಾಸವೆಂದರೆ ವಿಶ್ಲೇಷಣಾವಿಧಾನಗಳ ಇತಿಹಾಸವೆಂದು ಭಾವಿಸುವುದು ವಾಡಿಕೆ. ಆದರೆ ನದಿಯ ದಡಕ್ಕೂ ಪ್ರಯೋಗಶಾಲೆಯ ಮೇಜಿಗೂ ನಡುವಣ ಅವಧಿಗೆ ತನ್ನದೇ ಆದ ಇತಿಹಾಸವಿದೆ. ಆ ಅವಧಿಯನ್ನು ಅರಿತು ಹತೋಟಿಗೆ ತಂದುಕೊಂಡ ಮೇಲೆಯೇ ನದಿಯ ವಿಷಯವಾಗಿ ನಂಬತಕ್ಕ ಮಾತನ್ನಾಡಲು ಸಾಧ್ಯವಾಯಿತೆಂಬುದನ್ನು ಪ್ರಕೃತ ಲೇಖನದಲ್ಲಿ ತೋರಿಸಲು ಯತ್ನಿಸುತ್ತೇವೆ.

೧೮೫೫ನೆಯ ಇಸವಿಯ ಜುಲೈ ತಿಂಗಳಲ್ಲಿ ಮೈಕೇಲ್ ಫ್ಯಾರಡೆಯು ಲಂಡನ್ನಿನ ಥೇಮ್ಸ್ ನದಿಯಲ್ಲಿ ಉಗಿದೋಣಿಯ ಮೇಲೆ ಪ್ರಯಾಣಮಾಡಿದನು. ನೀರಿನ ಸ್ಥಿತಿಯನ್ನು ಕಂಡು, ಬಿಳಿಯ ರಟ್ಟಿನ ಚೂರುಗಳನ್ನು ಒದ್ದೆಮಾಡಿ ಒಂದೊಂದು ನಿಲುಗಟ್ಟೆಯ ಬಳಿಯಲ್ಲಿಯೂ ನದಿಗೆ ಹಾಕಿದನು. ಬಿಸಿಲು ಪ್ರಖರವಾಗಿದ್ದರೂ ಅವು ಒಂದು ಅಂಗುಲದಷ್ಟು ಮುಳುಗುವುದರೊಳಗಾಗಿ ಕಣ್ಮರೆಯಾದುವು. ಈ ಸಂಗತಿಯನ್ನು ಅವನು 'ಟೈಮ್ಸ್' ಪತ್ರಿಕೆಗೆ ಬರೆದು ತಿಳಿಸಿದನು. ಇದು ನದಿಯನ್ನು ನದಿಯಲ್ಲಿಯೇ ನೋಡಿದ ಪರೀಕ್ಷೆ. ಇಲ್ಲಿ ಸೀಸೆಯೂ ಇಲ್ಲ, ವಿಳಂಬವೂ ಇಲ್ಲ. ಆದರೆ ಇಂಥ ಪರೀಕ್ಷೆಯು ನೀರು ಕೊಳಕಾಗಿದೆಯೆಂದು ತಿಳಿಸೀತೇ ಹೊರತು, ಕೊಳೆಯು ಯಾವುದು, ಎಷ್ಟು ಎಂಬುದನ್ನು ತಿಳಿಸಲಾರದು. ೧೮೫೮ರ ಬೇಸಗೆಯ 'ಮಹಾದುರ್ಗಂಧ'ದ ತರುವಾಯ ಅಳತೆಯ ಅವಶ್ಯಕತೆ ಎಲ್ಲರಿಗೂ ಮನವರಿಕೆಯಾಯಿತು. ಅಳತೆಗೆ ಮಾದರಿ ಬೇಕು. ಮಾದರಿಗೆ ಸೀಸೆ ಬೇಕು.

೧೮೬೮ರಲ್ಲಿ ನೇಮಕಗೊಂಡ ನದೀಮಾಲಿನ್ಯದ ರಾಜಕೀಯ ಆಯೋಗದಲ್ಲಿ ರಸಾಯನವಿಜ್ಞಾನಿ ಎಡ್ವರ್ಡ್ ಫ್ರಾಂಕ್‌ಲೆಂಡನು ಪ್ರಮುಖನಾಗಿದ್ದನು. ಚರಂಡಿಯ ನೀರನ್ನು ಶುದ್ಧಜಲದೊಡನೆ ಬೆರೆಸಿ ಗಾಳಿಗೆ ಒಡ್ಡಿ ಪರೀಕ್ಷಿಸಿದ ಮೇಲೆ, ಅಂಥ ಕಶ್ಮಲವನ್ನು ಆಮ್ಲಜನಕದಿಂದ ಪೂರ್ತಿಯಾಗಿ ನಾಶಪಡಿಸುವಷ್ಟು ಉದ್ದವಾದ ನದಿಯು ಬ್ರಿಟನ್ನಿನಲ್ಲಿ ಒಂದೂ ಇಲ್ಲವೆಂದು ಆಯೋಗವು ನಿರ್ಣಯಿಸಿತು. ಹರಿಯುವ ನದಿಯು ತನ್ನನ್ನು ತಾನೇ ಶುದ್ಧಿಮಾಡಿಕೊಳ್ಳುತ್ತದೆಂದು ಮೇಮಟ್ ಟೈಡಿ ಮೊದಲಾದವರು ೧೮೮೦ರ ಸುಮಾರಿನಲ್ಲಿ ಪ್ರತಿವಾದ ಹೂಡಿದರು. ಈ ವಿವಾದದ ತಳದಲ್ಲಿ ಒಂದು ಪ್ರಶ್ನೆ ಅಡಗಿತ್ತು: ಪಾತ್ರೆಯಲ್ಲಿ ನಡೆದುದನ್ನು ನದಿಯಲ್ಲಿ ನಡೆಯುವುದೆಂದು ಹೇಳಬಹುದೆ? ನದಿಯಲ್ಲಿ ತಳದ ಮರಳಿದೆ, ಪಾಚಿಯಿದೆ, ಬೆಳಕಿದೆ. ಅಲ್ಲಿಯ ಜೀವಸಮೂಹವನ್ನು ಪಾತ್ರೆಯಲ್ಲಿ ತರಲಾಗದು. ಸೀಸೆಯು ನದಿಯ ಪ್ರತಿನಿಧಿಯೇ ಹೊರತು ನದಿಯಲ್ಲವೆಂಬ ಎಚ್ಚರಿಕೆ ಈ ವಾದದಿಂದ ದೊರೆಯಿತೆಂದು ನಾವು ಭಾವಿಸುತ್ತೇವೆ.

ಜೀವಾಣುಶಾಸ್ತ್ರವು ಉದಯಿಸಿದ ಮೇಲೆ ಈ ಎಚ್ಚರಿಕೆ ಇನ್ನೂ ತೀವ್ರವಾಯಿತು. ರಾಬರ್ಟ್ ಕಾಖನು ೧೮೮೧ರಲ್ಲಿ ಪ್ರಚುರಪಡಿಸಿದ ಘನಮಾಧ್ಯಮದ ವಿಧಾನದಿಂದ ನೀರಿನಲ್ಲಿರುವ ಜೀವಾಣುಗಳನ್ನು ಎಣಿಸುವುದು ಸಾಧ್ಯವಾಯಿತು. ಎಣಿಸಲು ತೊಡಗಿದವರಿಗೆ ಬೇಗನೆ ಕಂಡುಬಂದುದೇನೆಂದರೆ, ಸೀಸೆಯಲ್ಲಿ ಕೆಲವು ದಿನ ಇಟ್ಟ ನೀರಿನಲ್ಲಿ ಅವುಗಳ ಸಂಖ್ಯೆ ಅನೇಕ ಪಾಲು ಹೆಚ್ಚುತ್ತದೆಂಬುದು. ಶುದ್ಧವಾದ ನೀರೂ ವಿಳಂಬದಿಂದ ಅಶುದ್ಧವೆನಿಸಿಕೊಳ್ಳಬಹುದಾಗಿತ್ತು. ಆದಕಾರಣ ಸೀಸೆಯನ್ನು ಮುಂಚಿತವಾಗಿ ಕಾಯಿಸಿ ನಿರ್ಜೀವಗೊಳಿಸುವುದು, ತುಂಬಿದ ಮೇಲೆ ಮಂಜುಗಡ್ಡೆಯಲ್ಲಿ ಹೂಳಿ ತರುವುದು, ಕೆಲವೇ ಗಂಟೆಗಳೊಳಗೆ ಪರೀಕ್ಷೆಗೆ ತೊಡಗುವುದು ಇವು ಕ್ರಮವಾಗಿ ನಿಯಮಗಳಾದುವು. ನಮ್ಮ ದೇಶದಲ್ಲಿಯೂ ಇದಕ್ಕೆ ಸಮೀಪವಾದ ಒಂದು ನಿದರ್ಶನವುಂಟು. ಆಗ್ರಾದಲ್ಲಿದ್ದ ಅರ್ನೆಸ್ಟ್ ಹ್ಯಾಂಕಿನ್ನನು, ಗಂಗಾ ಯಮುನೆಗಳ ನೀರಿಗೆ ಕಾಲರಾ ಜೀವಾಣುಗಳನ್ನು ಕೊಲ್ಲುವ ಶಕ್ತಿಯಿದೆಯೆಂದೂ, ಕುದಿಸಿದ ನೀರಿನಲ್ಲಿ ಆ ಶಕ್ತಿ ಉಳಿಯುವುದಿಲ್ಲವೆಂದೂ ೧೮೯೬ರಲ್ಲಿ ಪ್ರಕಟಿಸಿದನು. ಪರೀಕ್ಷೆಗೆ ಮುನ್ನ ನೀರಿಗೆ ನಾವು ಮಾಡುವ ಉಪಚಾರವೇ ಅದರ ಗುಣವನ್ನು ಅಳಿಸಬಲ್ಲುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಿಲ್ಲ.

ಈ ಇತಿಹಾಸದಲ್ಲಿ ಅತ್ಯಂತ ಫಲಪ್ರದವಾದ ಉಪಾಯವು ಬುಡಾಪೆಸ್ಟಿನ ಲಾಯೋಶ್ ವಿಂಕ್ಲರನದು. ಮೀನು ಮೊದಲಾದ ಜಲಚರಗಳ ಬಾಳು ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಅವಲಂಬಿಸಿದೆ. ಆದರೆ ಆ ಅನಿಲದಷ್ಟು ಚಂಚಲವಾದುದು ಬೇರೊಂದಿಲ್ಲ: ಸೀಸೆಯಲ್ಲಿ ಗುಳ್ಳೆಯೊಂದು ಉಳಿದರೆ ಅದು ಹೆಚ್ಚಬಹುದು, ಒಂದು ಹಗಲು ಇಟ್ಟರೆ ಜೀವಾಣುಗಳು ಅದನ್ನು ಮುಗಿಸಬಹುದು. ೧೮೮೮ರಲ್ಲಿ ವಿಂಕ್ಲರನು ಪ್ರಕಟಿಸಿದ ವಿಧಾನದಲ್ಲಿ, ಗುಳ್ಳೆಯಿಲ್ಲದಂತೆ ತುಂಬಿದ ಸೀಸೆಗೆ ಮ್ಯಾಂಗನೀಸ್ ಲವಣವನ್ನೂ ಅಯೊಡೈಡ್ ಕೂಡಿದ ಕ್ಷಾರವನ್ನೂ ಸೇರಿಸಿ ಬಿರಡೆಯಿಂದ ಮುಚ್ಚುತ್ತಾರೆ. ಆಮ್ಲಜನಕವು ಮ್ಯಾಂಗನೀಸಿನೊಡನೆ ಕೂಡಿ ಕಂದುಬಣ್ಣದ ಗಷ್ಟಾಗಿ ತಳದಲ್ಲಿ ಕೂರುತ್ತದೆ. ಅನಂತರ ಆಮ್ಲವನ್ನು ಹಾಕಿದರೆ ಆಮ್ಲಜನಕಕ್ಕೆ ಸಮಪ್ರಮಾಣವಾದ ಅಯೊಡೀನ್ ಬಿಡುಗಡೆಯಾಗುತ್ತದೆ. ಅದನ್ನು ಥಯೊಸಲ್ಫೇಟಿನಿಂದ ಅಳೆಯುತ್ತಾರೆ. ಈ ವಿಧಾನದ ಹಿರಿಮೆಯಿರುವುದು ಅಳತೆಯಲ್ಲಿ ಮಾತ್ರವಲ್ಲ. ನದಿಯ ಆ ಗಳಿಗೆಯನ್ನು ದಡದಲ್ಲಿಯೇ ಕಟ್ಟಿಹಾಕುವುದರಲ್ಲಿ. ವಿದ್ಯುತ್ ಮಾಪಕಗಳು ಬಂದ ಮೇಲೂ ಅವುಗಳನ್ನು ಸರಿನೋಡಲು ಈ ವಿಧಾನವನ್ನು ಬಳಸುತ್ತಾರೆ.

ಕಟ್ಟಿಹಾಕಲಾಗದ ಗುಣವೂ ಒಂದುಂಟು. ೧೮೯೮ರಲ್ಲಿ ನೇಮಕಗೊಂಡ ಬ್ರಿಟಿಷ್ ಮಲಜಲ ವಿಲೇವಾರಿಯ ಆಯೋಗವು ೧೯೧೨ರ ತನ್ನ ಎಂಟನೆಯ ವರದಿಯಲ್ಲಿ, ೬೫ ಡಿಗ್ರಿ ಫ್ಯಾರನ್‌ಹೀಟ್ ಉಷ್ಣತೆಯಲ್ಲಿ ೫ ದಿನಗಳ ಅವಧಿಗೆ ನೀರು ಬಳಸುವ ಆಮ್ಲಜನಕವನ್ನು ಮಾಲಿನ್ಯದ ಅಳತೆಗೋಲಾಗಿ ಸೂಚಿಸಿತು. ಜೀವಿಗಳ ಉಸಿರಾಟವನ್ನೇ ಅಳೆಯುವ ಈ ಪರೀಕ್ಷೆಯ ಮಾದರಿಗೆ ರಾಸಾಯನಿಕ ಸಂರಕ್ಷಕವನ್ನು ಹಾಕುವಂತಿಲ್ಲ. ತಂಪಿನಲ್ಲಿಯೂ ಕತ್ತಲೆಯಲ್ಲಿಯೂ ಇಟ್ಟು ಬೇಗನೆ ತರುವುದೊಂದೇ ದಾರಿ. ನಮ್ಮ ಭಾರತೀಯ ಮಾನಕವು ಇಲ್ಲಿಯ ಹವೆಗೆ ತಕ್ಕಂತೆ ೨೭ ಡಿಗ್ರಿ ಸೆಲ್ಸಿಯಸ್‌ನಲ್ಲಿ ೩ ದಿನಗಳ ಪರೀಕ್ಷೆಯನ್ನು ಅಂಗೀಕರಿಸಿದೆ.

ಅಮೆರಿಕದ ಸಾರ್ವಜನಿಕ ಆರೋಗ್ಯ ಸಂಘವು ೧೯೦೫ರಲ್ಲಿ ಪ್ರಕಟಿಸಿದ ಪ್ರಮಾಣವಿಧಾನಗಳ ಗ್ರಂಥವು ಇಂಥ ನಿಯಮಗಳನ್ನು ಕ್ರೋಡೀಕರಿಸುವ ಪರಂಪರೆಯೊಂದನ್ನು ಆರಂಭಿಸಿತು. ಎಲ್ಲ ಪರೀಕ್ಷೆಗಳಿಗೂ ಒಂದೇ ಸೀಸೆ ಸಲ್ಲದೆಂಬುದು ಇಂದು ಸರ್ವಸಮ್ಮತವಾಗಿದೆ. ಲೋಹಗಳಿಗಾಗಿ ನೈಟ್ರಿಕ್ ಆಮ್ಲ ಸೇರಿಸಿದ ಪ್ಲಾಸ್ಟಿಕ್ ಪಾತ್ರೆ, ಅಮೋನಿಯಕ್ಕಾಗಿ ಗಂಧಕಾಮ್ಲ ಸೇರಿಸಿದ ಪಾತ್ರೆ, ಕೀಟನಾಶಕಗಳಿಗಾಗಿ ಗಾಜು, ಜೀವಾಣುಗಳಿಗಾಗಿ ನಿರ್ಜೀವಗೊಳಿಸಿದ ಸೀಸೆ ಹೀಗೆ ಒಂದೊಂದಕ್ಕೂ ಒಂದೊಂದು ಕ್ರಮ. ಈ ದ್ರವ್ಯಗಳು ಮಾದರಿಯನ್ನು ಕಾಪಾಡುತ್ತವೆಯಾದರೂ ಕೈಯನ್ನು ಸುಡುತ್ತವೆ. ವಿಂಕ್ಲರನ ವಿಧಾನದ ಪರಿಷ್ಕೃತ ರೂಪದಲ್ಲಿ ಬಳಸುವ ಸೋಡಿಯಂ ಅಜೈಡ್ ಘೋರವಿಷ. ಚರಂಡಿಗೆ ಚೆಲ್ಲಿದರೆ ಸೀಸ, ತಾಮ್ರಗಳ ಕೊಳವೆಗಳಲ್ಲಿ ಸ್ಫೋಟಕವಾಗಿ ಪರಿಣಮಿಸಬಲ್ಲುದು. ಮಲಿನಜಲವೇ ರೋಗವಾಹಕವಾಗಿರಬಹುದು. ಕೈಗವಸು, ಕನ್ನಡಕ, ಸ್ಪಷ್ಟವಾದ ಹೆಸರುಚೀಟಿ ಇವು ಕೇವಲ ಶಿಷ್ಟಾಚಾರಗಳಲ್ಲವೆಂಬುದನ್ನು ವಿದ್ಯಾರ್ಥಿಗಳು ಮನಗಾಣಬೇಕು.

ಇಷ್ಟು ಅನುಭವವಿದ್ದರೂ ಎಡವಿದುದುಂಟು. ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯು ೧೯೭೦ರ ದಶಕದಿಂದ ರಾಷ್ಟ್ರದ ನದಿಗಳ ಗುಣವನ್ನು ಅಳೆಯುವ ಜಾಲವೊಂದನ್ನು ನಡೆಸಿಕೊಂಡುಬಂದಿತ್ತು. ವಿಂಡಮ್ ಮತ್ತು ಸಹೋದ್ಯೋಗಿಗಳು ಅತಿಶುಚಿಯಾದ ಕ್ರಮದಿಂದ ಪೂರ್ವತೀರದ ನದಿಗಳ ಮಾದರಿಗಳನ್ನು ಪರೀಕ್ಷಿಸಿ, ಕರಗಿದ ಕ್ಯಾಡ್ಮಿಯಂ, ತಾಮ್ರ, ಸೀಸ, ಸತುಗಳ ವಿಷಯದಲ್ಲಿ ಆ ಜಾಲದ ಅಂಕಗಳು ನಂಬತಕ್ಕವಲ್ಲವೆಂದು ೧೯೯೧ರಲ್ಲಿ ತೋರಿಸಿದರು. ಅಂಕಗಳಲ್ಲಿ ಕಂಡ ಲೋಹದ ಬಹುಭಾಗವು ನದಿಯದಲ್ಲ. ಸಂಗ್ರಹಣದ ಉಪಕರಣಗಳಿಂದಲೂ ಕೈಗಳಿಂದಲೂ ಸೇರಿದ್ದು. ಆಮೇಲೆ ಸಂಸ್ಥೆಯು ಇಬ್ಬರು ಕೂಡಿ ಮಾದರಿ ತೆಗೆಯುವ ಕ್ರಮವನ್ನು ರೂಪಿಸಿತು: ಒಬ್ಬನು ಸೀಸೆಯನ್ನು ಮಾತ್ರ ಮುಟ್ಟತಕ್ಕದ್ದು, ಉಳಿದುದೆಲ್ಲವನ್ನೂ ಇನ್ನೊಬ್ಬನು. ಆದರೆ ಕಳೆದ ವರ್ಷಗಳ ನದಿಯನ್ನು ಮರಳಿ ಅಳೆಯುವುದು ಯಾರಿಂದಲೂ ಸಾಧ್ಯವಿರಲಿಲ್ಲ.

ನಮ್ಮ ದೇಶದಲ್ಲಿ ಈ ವಿಷಯವು ನ್ಯಾಯಾಲಯವನ್ನೂ ಮುಟ್ಟಿದೆ. ೧೯೭೪ರ ಜಲಮಾಲಿನ್ಯ ನಿವಾರಣೆ ಮತ್ತು ನಿಯಂತ್ರಣ ಅಧಿನಿಯಮದ ೨೧ನೆಯ ಪ್ರಕರಣದಂತೆ, ಕಾರ್ಖಾನೆಯ ತ್ಯಾಜ್ಯಜಲದ ಮಾದರಿಯನ್ನು ತೆಗೆಯುವ ಅಧಿಕಾರಿಯು ಅಲ್ಲಿಯವರಿಗೆ ಸೂಚನೆಯಿತ್ತು, ಅವರ ಸಮಕ್ಷಮದಲ್ಲಿ ಅದನ್ನು ಎರಡು ಪಾಲುಮಾಡಿ, ಗುರುತಿಟ್ಟು, ಮೊಹರುಹಾಕಿ, ಉಭಯತ್ರರ ಸಹಿಯನ್ನು ಪಡೆಯಬೇಕು. ಈ ಕ್ರಮ ತಪ್ಪಿದರೆ ಆ ಮಾದರಿಯ ಫಲಿತಾಂಶವು ಸಾಕ್ಷ್ಯವಾಗಿ ನಿಲ್ಲದು. ವಿಶ್ಲೇಷಣೆಯು ಎಷ್ಟೇ ನಿಖರವಾಗಿದ್ದರೂ ನದಿಯ ದಡದವರ ಅಹವಾಲು ಮೊಹರಿನ ಲೋಪದಿಂದ ಬಿದ್ದುಹೋಗಬಹುದು.

ಫ್ಯಾರಡೆಯ ರಟ್ಟಿನ ಚೂರಿನಿಂದ ಮೊಹರುಹಾಕಿದ ಸೀಸೆಯವರೆಗಿನ ಈ ಪಯಣವನ್ನು ಅವಲೋಕಿಸಿದಾಗ ಒಂದು ಸಂಗತಿ ನಮಗೆ ಸ್ಪಷ್ಟವಾಗುತ್ತದೆ. ಪ್ರಯೋಗಶಾಲೆಯಲ್ಲಿ ಆದ ತಪ್ಪನ್ನು ಉಳಿದ ಮಾದರಿಯಿಂದ ತಿದ್ದಿಕೊಳ್ಳಬಹುದು; ದಡದಲ್ಲಿ ಆದ ತಪ್ಪನ್ನು ತಿದ್ದಿಕೊಳ್ಳಲಾಗದು, ಏಕೆಂದರೆ ಅಂದಿನ ನದಿಯು ಹರಿದುಹೋಗಿರುತ್ತದೆ. ಆದುದರಿಂದ ಮಾದರಿ ತೆಗೆದ ಸ್ಥಳ, ಗಳಿಗೆ, ನೀರಿನ ಉಷ್ಣತೆ, ಸೇರಿಸಿದ ದ್ರವ್ಯ, ಸೀಸೆಯನ್ನು ಕೈಯಿಂದ ಕೈಗೆ ದಾಟಿಸಿದವರ ಹೆಸರು ಇವುಗಳನ್ನು ದಡದಲ್ಲಿಯೇ ಬರೆದಿಡುವುದು ಫಲಿತಾಂಶದ ಒಂದು ಭಾಗವೆಂದೇ ಎಣಿಸತಕ್ಕದ್ದು. ನಮ್ಮ ಕಾಲೇಜುಗಳಲ್ಲಿ ಜಲಪರೀಕ್ಷೆಯ ಮೊದಲ ಪಾಠವು ಮೇಜಿನ ಬಳಿ ಅಲ್ಲ, ನದಿಯ ದಡದಲ್ಲಿ ಆರಂಭವಾಗಬೇಕೆಂಬುದು ನಮ್ಮ ಅಭಿಪ್ರಾಯ.