ರಕ್ತದ ಉಪ್ಪು, ಯಂತ್ರದ ನೀರು

ಕ್ರಿ.ಶ. 1807ರಲ್ಲಿ ಲಂಡನ್ನಿನಲ್ಲಿ ಎರಡು ಸಂಗತಿಗಳು ನಡೆದವು. ಫ್ರಾನ್ಸಿಸ್ ಬುಕಾನನ್ನನ ಮೈಸೂರು ಪ್ರವಾಸದ ವೃತ್ತಾಂತ ಅಚ್ಚಾಯಿತು. ನಮ್ಮ ಸೀಮೆಯವರು ಚೌಳುಮಣ್ಣಿನಿಂದ ಉಪ್ಪು ತೆಗೆಯುತ್ತಿದ್ದ ಬಗೆ ಅದರಲ್ಲಿದೆ. ಅದೇ ವರ್ಷ ಹಂಫ್ರಿ ಡೇವಿಯು ವಿದ್ಯುತ್ತಿನ ಬಲದಿಂದ ಸೋಡಿಯಂ ಎಂಬ ಲೋಹವನ್ನು ಬೇರ್ಪಡಿಸಿದನು. ಉಪ್ಪಿನ ಒಳಗಿರುವ ಮೂಲವಸ್ತು ಅದೇ.

ಅದಕ್ಕೂ ಪ್ರಾಣಕ್ಕೂ ಇರುವ ನಂಟನ್ನು ತೋರಿಸಿಕೊಟ್ಟದ್ದು ಕಾಲರಾ. 1831ರ ಕೊನೆಯಲ್ಲಿ ಓಶಾಗ್ನೆಸಿ ಎಂಬ ತರುಣ ವೈದ್ಯನು ರೋಗಿಗಳ ರಕ್ತದಲ್ಲಿ ನೀರೂ ಲವಣವೂ ಕುಗ್ಗಿರುವುದನ್ನು ಕಂಡನು. ಮರುವರ್ಷ ಸ್ಕಾಟ್ಲೆಂಡಿನ ಥಾಮಸ್ ಲ್ಯಾಟಾ ಉಪ್ಪುನೀರನ್ನು ರಕ್ತನಾಳಕ್ಕೇ ಹಾಯಿಸಿದನು. (ಓಶಾಗ್ನೆಸಿ ಮುಂದೆ ಕಲ್ಕತ್ತೆಗೆ ಬಂದು ನಮ್ಮ ದೇಶಕ್ಕೆ ತಂತಿ ಹಾಕಿಸಿದನೆಂಬುದು ಬೇರೆಯ ಕಥೆ.) ಉಪ್ಪು ಕಡಿಮೆಯಾದರೆ ಉಪ್ಪು ಕೊಡಬೇಕೆಂಬ ತಿಳಿವಳಿಕೆ ಕಾಲರಾದ ಮಟ್ಟಿಗೆ ಸರಿಯೇ. ಮೂತ್ರಪಿಂಡ ಕೆಟ್ಟವರ ವಿಷಯದಲ್ಲಿ ಅದು ತಲೆಕೆಳಗಾಗುತ್ತದೆ.

ಜರ್ಮನರು ಆಕ್ರಮಿಸಿದ್ದ ಹಾಲೆಂಡಿನ ಕ್ಯಾಂಪೆನ್ ಊರಿನಲ್ಲಿ, 1943ರಲ್ಲಿ, ವಿಲ್ಲೆಮ್ ಕೋಲ್ಫ್ ಮಾಂಸದ ಸಾಸೇಜಿಗೆ ಬಳಸುವ ಸೆಲೋಫೇನ್ ಕೊಳವೆಯನ್ನು ಮರದ ಪೀಪಾಯಿಗೆ ಸುತ್ತಿ ಕೃತಕ ಮೂತ್ರಪಿಂಡವನ್ನು ರಚಿಸಿದನು. ಮೊದಲ ರೋಗಿಗಳಲ್ಲಿ ಹೆಚ್ಚಿನವರು ಉಳಿಯಲಿಲ್ಲ; 1945ರಲ್ಲಿ 67 ವರ್ಷದ ಹೆಂಗಸೊಬ್ಬಳು ಬದುಕಿಕೊಂಡಳು. 1960ರಲ್ಲಿ ಅಮೆರಿಕದ ಸಿಯಾಟಲ್ ನಗರದ ಸ್ಕ್ರಿಬ್ನರ್ ಟೆಫ್ಲಾನ್ ಕೊಳವೆಯನ್ನು ತೋಳಿನಲ್ಲೇ ನೆಲೆಗೊಳಿಸಿದ ಬಳಿಕ ಡಯಾಲಿಸಿಸ್ ವಾರವಾರವೂ ನಡೆಯುವಂತಾಯಿತು.

ಆದರೆ ಯಂತ್ರದ ನೀರಿನಲ್ಲಿ ಸೋಡಿಯಂ ಎಷ್ಟಿರಬೇಕು? ಆರೋಗ್ಯವಂತರ ರಕ್ತದಲ್ಲಿ ಅದು ಲೀಟರಿಗೆ 135ರಿಂದ 145 ಮಿಲಿಮೋಲ್. ಮೊದಮೊದಲು ಮೈಯ ಉಪ್ಪನ್ನು ಸೆಳೆದು ರಕ್ತದೊತ್ತಡ ಇಳಿಸಲೆಂದು ಆ ನೀರಿನಲ್ಲಿ ಸೋಡಿಯಮ್ಮನ್ನು 130ರ ಆಸುಪಾಸಿನಲ್ಲಿ, ಕೆಲವೊಮ್ಮೆ ಇನ್ನೂ ಕೆಳಗೆ, ಇಟ್ಟರು. ರೋಗಿಗಳಿಗೆ ತಲೆನೋವು, ಸ್ನಾಯುಸೆಳೆತ. ಆಮೇಲೆ 140ಕ್ಕೆ ಏರಿಸಿದರು. ಸೆಳೆತ ತಗ್ಗಿತು, ಬಾಯಾರಿಕೆ ಹೆಚ್ಚಿತು. ಉಪ್ಪು ತಿಂದವನು ನೀರು ಕುಡಿಯಲೇಬೇಕೆಂಬ ನಮ್ಮ ಗಾದೆ ಇಲ್ಲಿ ಅಕ್ಷರಶಃ ನಿಜ. ಕುಡಿದ ನೀರು ಹೊರಹೋಗಲು ದಾರಿಯಿಲ್ಲದೆ ರಕ್ತವನ್ನು ತೆಳುವಾಗಿಸುತ್ತದೆ.

2011ರಲ್ಲಿ ಅಮೆರಿಕದ ಸಂಶೋಧಕರು ಸಾವಿರದ ಐನೂರಕ್ಕೂ ಮಿಕ್ಕ ಡಯಾಲಿಸಿಸ್ ರೋಗಿಗಳ ದಾಖಲೆಗಳನ್ನು ಪರಿಶೀಲಿಸಿ, ಸೋಡಿಯಂ ಕಡಿಮೆಯಿದ್ದವರಲ್ಲಿ ಸಾವಿನ ಸಂಭವ ಹೆಚ್ಚೆಂದು ಕಂಡರು. ಕಡಿಮೆ ಸೋಡಿಯಮ್ಮೇ ಕೊಲ್ಲುತ್ತದೆಯೆಂದು ಇದರಿಂದ ಹೇಳಲಾಗದು. ಸೋತ ಹೃದಯ, ಸೋಂಕು, ಪುಷ್ಟಿಯಿಲ್ಲದ ದೇಹ ಇವುಗಳ ಸೂಚನೆಯೂ ಅದಾಗಿರಬಹುದು. ನನಗಂತೂ ಎರಡನೆಯದೇ ಹೆಚ್ಚು ಸಮಂಜಸವೆನಿಸುತ್ತದೆ.

ಸೂಲಿಬೆಲೆಯಂತಹ ಊರಿನಿಂದ ಬೆಂಗಳೂರಿನ ಆಸ್ಪತ್ರೆ ಸೇರಿದ ಡಯಾಲಿಸಿಸ್ ರೋಗಿಯ ಮನೆಯವರಿಗೆ ‘ಸೋಡಿಯಂ ಕಡಿಮೆ’ ಎಂಬ ಮಾತು ಕಿವಿಗೆ ಬಿದ್ದೊಡನೆ, ಮುದ್ದೆಯ ಜೊತೆಗಿನ ಬಸ್ಸಾರಿಗೆ ಒಂದು ಚಿಟಿಕೆ ಉಪ್ಪು ಹೆಚ್ಚು ಹಾಕೋಣವೆನಿಸುವುದು ಸಹಜ. ಆದರೆ ಅಲ್ಲಿ ಸಾಮಾನ್ಯವಾಗಿ ಕೊರತೆಯಾಗಿರುವುದು ಉಪ್ಪಲ್ಲ, ಹೆಚ್ಚಾಗಿರುವುದು ನೀರು. ವೈದ್ಯರಿಗೂ ಆತುರ ಸಲ್ಲದು: ಬಹುದಿನ ತಗ್ಗಿದ್ದ ಸೋಡಿಯಂ ಥಟ್ಟನೆ ಏರಿದರೆ ಮಿದುಳಿನ ನರಗಳ ಹೊದಿಕೆ ಕೆಡಬಹುದು. ಆದ್ದರಿಂದಲೇ ಏರಿಕೆಯನ್ನು ದಿನಕ್ಕೆ ಎಂಟು ಹತ್ತು ಮಿಲಿಮೋಲ್‌ಗಳ ಒಳಗಿಡಲು ನೋಡುತ್ತಾರೆ; ಅಂಥ ರೋಗಿಗಾಗಿ ಯಂತ್ರದ ನೀರಿನ ಸೋಡಿಯಮ್ಮನ್ನು ಮತ್ತೆ 130ರ ಕಡೆಗೆ ಇಳಿಸುವುದೂ ಉಂಟು.